ಅತಿಯಾಗಿ ತೊಳೆದ ದೊಡ್ಡತ್ತಿಗೆ

ದೊಡ್ಡತ್ತಿಗೆ ಮನೆಮಂದಿಗೆ ಮಾತ್ರವಲ್ಲ, ಕಾರ್ಖಾನೆಗೆಲ್ಲ ದೊಡ್ಡತ್ತಿಗೆಯೇ. ಅಲ್ಲಿ ಪಂಪಿನ ಎರಕದ ಭಾಗಗಳನ್ನು ತೊಳೆಯುವುದು ಅವಳ ಕೆಲಸ. ಭಾಗವನ್ನು ಮೊದಲು ಎಣ್ಣೆಯಂಥ ಒಂದು ದ್ರವದಲ್ಲಿ ಮುಳುಗಿಸಿಡಬೇಕು. ಕಣ್ಣಿಗೆ ಕಾಣದ ಬಿರುಕಿದ್ದರೆ ದ್ರವ ಅದರೊಳಗಿಳಿದು ಕೂರುತ್ತದೆ. ಮೇಲಿನದನ್ನು ತೊಳೆದು, ಒಣಗಿಸಿ, ಬಿಳಿ ಪುಡಿ ಉದುರಿಸಿ ಕತ್ತಲೆ ಕೋಣೆಯ ನೇರಳೆ ದೀಪಕ್ಕೆ ಹಿಡಿದರೆ ಬಿರುಕು ಹಸಿರು ಗೆರೆಯಾಗಿ ಹೊಳೆಯುತ್ತದೆ.

ಮೊದಲೆಲ್ಲ ಬಳಸುತ್ತಿದ್ದ ಹಳೆಯ ದ್ರವವನ್ನು ತೊಳೆದು ತೆಗೆಯಲು ಇನ್ನೊಂದು ಘಾಟು ದ್ರವ ಬೇಕಿತ್ತು. ಅದು ಗ್ಲೌಸಿನೊಳಗೂ ನುಸುಳಿ ಅತ್ತಿಗೆಯ ಕೈ ಸುಲಿದುಹೋಗಿತ್ತು. "ಕೈ ಬೇಕಾ, ಕೆಲಸ ಬೇಕಾ?" ಎಂದು ಡಾಕ್ಟರು ಕೇಳಿಯೇಬಿಟ್ಟಿದ್ದರು. ಹಾಸಿಗೆ ಹಿಡಿದ ಗಂಡ, ಓದುವ ಮಗಳು; ಅವಳಿಗೆ ಎರಡೂ ಬೇಕಿತ್ತು.

ಅಷ್ಟರಲ್ಲಿ ಬರೀ ನೀರಿಗೇ ಹೋಗುವ ಹೊಸ ದ್ರವ ಬಂತು. ಬಿರುಕಿದೆಯೆಂದು ಮೊದಲೇ ಗೊತ್ತಿದ್ದ ಭಾಗಗಳ ಮೇಲೆ ಅದರ ಪರೀಕ್ಷೆ. ಹಳೆಯದು ತೋರಿಸಿದ್ದನ್ನೆಲ್ಲ ಹೊಸದೂ ತೋರಿಸಿದರೆ ಅತ್ತಿಗೆಯ ಕೈಯೂ ಉಳಿಯಿತು, ಕೆಲಸವೂ ಉಳಿಯಿತು.

ಎಲ್ಲಾದರೂ ಕಲೆ ಉಳಿದು ಪರೀಕ್ಷೆ ಕೆಟ್ಟೀತೆಂದು ಅವಳು ಉಜ್ಜಿ ಉಜ್ಜಿ ತೊಳೆದಳು. ಪರೀಕ್ಷೆ ನಡೆಸುತ್ತಿದ್ದ ಇಂಜಿನಿಯರ್ ಹುಡುಗಿ ಕತ್ತಲೆ ಕೋಣೆಯಿಂದ ಹೊರಬಂದಾಗ ಅವಳ ಮುಖ ಸಪ್ಪಗಿತ್ತು.

"ಅರ್ಧಕ್ಕರ್ಧ ಬಿರುಕು ಕಾಣ್ತಾನೇ ಇಲ್ಲ ಅತ್ತಿಗೆ."

"ಹೊಸದು ಶುದ್ಧ ದಂಡ ಅಂತ ಬರೆದು ಬಿಸಾಕಿ ಮೇಡಂ, ಊಟಕ್ಕೆ ಹೋಗೋಣ," ಎಂದರು ಫೋರ್‌ಮನ್.

ಹುಡುಗಿ ಮಾತ್ರ ಪೆನ್ನು ತೆಗೆಯಲಿಲ್ಲ. "ಭಾಗದ ಮೈಮೇಲೆ ಮಾಮೂಲಿಯಾಗಿ ಉಳಿಯೋ ಮಂಕು ಹೊಳಪೂ ಒಂಚೂರಿಲ್ಲ, ಅದೇ ಅನುಮಾನ. ಇನ್ನೊಂದು ತೊಳೀರಿ, ನೋಡ್ತೀನಿ," ಎಂದು ತೊಟ್ಟಿಯ ಪಕ್ಕ ನಿಂತಳು. ಅತ್ತಿಗೆ ಕೊಳಾಯಿ ಜೋರಾಗಿ ಬಿಟ್ಟು ಬ್ರಶ್ ಎತ್ತಿದ್ದೇ ತಡ, ಹುಡುಗಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ, ಇದೇನು ತಳ ಹಿಡಿದ ಪಾತ್ರೆನಾ? ಬಿರುಕಿನ ಹೊಟ್ಟೇಲಿರೋದನ್ನೂ ಬಿಡದೆ ತೊಳೆದುಬಿಟ್ಟಿದ್ದೀರಲ್ಲ!"

"ಚೊಕ್ಕಟವಾಗಿರಲಿ ಅಂತ ಕಣಮ್ಮಾ..."

"ಮೈ ಚೊಕ್ಕಟ ಆದ್ರೆ ಸಾಕು, ಹೊಟ್ಟೆ ತಂಟೆಗೆ ಹೋಗ್ಬೇಡಿ."

ತೊಟ್ಟಿಯ ಮೇಲೂ ಒಂದು ನೇರಳೆ ದೀಪ ಹಿಡಿದು, ಮೇಲಿನ ಹೊಳಪು ಹೋದ ಕೂಡಲೇ ನೀರು ನಿಲ್ಲಿಸುವುದನ್ನು ಹುಡುಗಿ ತೋರಿಸಿಕೊಟ್ಟಳು. ಫೋರ್‌ಮನ್ ಗೊಣಗುತ್ತ ಊಟದ ಡಬ್ಬಿ ಹಿಡಿದು ಹೋದರು. ಇವರಿಬ್ಬರೂ ಎಲ್ಲವನ್ನೂ ಮೊದಲಿನಿಂದ ಮಾಡಿದರು.

ಈ ಸಲ ಹುಡುಗಿ ಅತ್ತಿಗೆಯನ್ನೂ ಕತ್ತಲೆ ಕೋಣೆಗೆ ಕರೆದಳು. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಕೂದಲೆಳೆಯಂಥ ಹಸಿರು ಗೆರೆಗಳು ಒಂದೂ ತಪ್ಪದೆ ಒಂದೊಂದಾಗಿ ಎದ್ದವು. ಬಿರುಕು ಕಂಡು ಸಂತೋಷಕ್ಕೆ ಅತ್ತವರು ಲೋಕದಲ್ಲಿ ಅವಳೊಬ್ಬಳೇ ಇರಬೇಕು.

ಹೊಸ ದ್ರವವೇ ಖಾಯಂ ಆಯಿತು. ಅತ್ತಿಗೆಯ ಕೈಗೆ ಮತ್ತೆ ಚರ್ಮ ಕೂಡಿತು; ವಯಸ್ಸಾಗುವವರೆಗೂ ಅದೇ ತೊಟ್ಟಿಯ ಬಳಿ ದುಡಿದಳು. ಆ ಹುಡುಗಿಯ ಸುದ್ದಿ ಬಂದಾಗಲೆಲ್ಲ ಮಗಳ ಮುಂದೆ ಅವಳದು ಒಂದೇ ಮಾತು:

"ಆಗಲ್ಲ ಅಂತ ಬರೆದು ಊಟಕ್ಕೆ ಹೋಗಬಹುದಿತ್ತು ಕಣೆ. ಹಸ್ಕೊಂಡು ನಿಂತು ನನ್ನ ಕೈ ನೋಡಿದ್ಲು."