ಸೈಫುದ್ದೀನರ ಐವತ್ಮೂರು ಸೆಕೆಂಡು

ಬಸವಕಲ್ಯಾಣದಲ್ಲಿ ನನ್ನ ಸೈಕಲ್ ಅಂಗಡಿಗೂ ಅಬ್ದುಲ್ ರಜಾಕರ ಗಡಿಯಾರದ ಅಂಗಡಿಗೂ ನಡುವೆ ಇರುವುದು ಒಂದು ತಗಡಿನ ಗೋಡೆ. ಆ ತಗಡಿನಾಚೆಯಿಂದ ಮೂವತ್ನಾಲ್ಕು ವರ್ಷ ನಾನು ಒಂದೇ ಕಥೆ ಕೇಳಿದ್ದೇನೆ. ಸೆಲ್ ಹಾಕಿಸಲು ಬಂದವರು, ಬೆಲ್ಟ್ ಬದಲಿಸಲು ಬಂದವರು, ಮಳೆ ಬಂತೆಂದು ಸುಮ್ಮನೆ ನಿಂತವರು, ಯಾರನ್ನೂ ಅವರು ಬಿಟ್ಟವರಲ್ಲ. "ನಮ್ಮ ಅಬ್ಬಾ ಸೈಫುದ್ದೀನ್ ಅಂತ ಇದ್ರು ನೋಡ್ರಿ, ರೈಲಿನ ರಿಕಾರ್ಡ್ ಹಿಡದವರು," ಎಂದು ಶುರು ಮಾಡಿದರೆ ನನ್ನ ಕಿವಿಯ ಗತಿ ಮುಗಿಯಿತು.

ಕಥೆ ಇಷ್ಟು. ನಿಜಾಮರ ಕಾಲ. ಸೈಫುದ್ದೀನರು ರೈಲಿನ ಶೆಡ್ಡಿನಲ್ಲಿ ಖಲಾಸಿ, ಎಂದರೆ ಎಣ್ಣೆ ಒರೆಸುವ, ಭಾರ ಎತ್ತುವ ಕೆಲಸ. ಒಂದು ದಿನ ಹೊಸ ನಮೂನೆಯ ಡಬ್ಬಿ ಬಂತು. ಮುಂದೆ ಎಳೆಯಲು ಇಂಜಿನ್ ಇಲ್ಲ, ಹೊಗೆಯ ಚಿಮಣಿ ಇಲ್ಲ. ಜನ ಕೂರುವ ಡಬ್ಬಿಯ ಹೊಟ್ಟೆಯಲ್ಲೇ ಮೋಟಾರು. ಅದು ಎಷ್ಟು ಜೋರಾಗಿ ಓಡುತ್ತದೆಂದು ನೋಡಲು ಸಾಹೇಬರು ವಿಕಾರಾಬಾದಿನ ಕಡೆ ಓಡಿಸಿದರು. ಒಂದು ಸ್ಟಾಪ್‌ವಾಚ್ ಸಾಹೇಬನ ಕೈಯಲ್ಲಿ, ಇನ್ನೊಂದು ತಾಳೆ ನೋಡಲೆಂದು ಸೈಫುದ್ದೀನರ ಕೈಯಲ್ಲಿ. ಒಂದು ಮೈಲಿಗಲ್ಲಿಗೆ ಒತ್ತಬೇಕು, ಮುಂದಿನ ಮೈಲಿಗಲ್ಲಿಗೆ ಮತ್ತೆ ಒತ್ತಬೇಕು. ಸಾಹೇಬನ ಗಡಿಯಾರ ಐವತ್ತೆಂಟು ಸೆಕೆಂಡು ತೋರಿಸಿತು. ಸೈಫುದ್ದೀನರದು ಐವತ್ಮೂರು.

ಐವತ್ತೆಂಟು ಅಂದರೆ ಗಂಟೆಗೆ ಅರವತ್ತೆರಡು ಮೈಲಿ. ಐವತ್ಮೂರು ಅಂದರೆ ಅರವತ್ತೆಂಟು. ಸಾಹೇಬ ಅರವತ್ತೆರಡು ಎಂದೇ ಬರೆದುಕೊಂಡ. "ಖಲಾಸಿ ಕೈಗೆ ಗಡಿಯಾರ ಕೊಟ್ಟರೆ ಇಷ್ಟೇ. ತಗೋ, ಮೊಟ್ಟೆ ಬೇಯಿಸಲು ಇಟ್ಟುಕೋ," ಎಂದು ನಕ್ಕು ಆ ಸ್ಟಾಪ್‌ವಾಚನ್ನು ಸೈಫುದ್ದೀನರಿಗೇ ಕೊಟ್ಟುಬಿಟ್ಟನಂತೆ. ಡಬ್ಬಿಯಲ್ಲಿದ್ದವರೆಲ್ಲ ನಕ್ಕರಂತೆ. ಸೈಫುದ್ದೀನರು ಮಾತ್ರ ಸಾಯುವವರೆಗೂ ಐವತ್ಮೂರು ಬಿಡಲಿಲ್ಲ. ಮಗ ಹದಿನಾಲ್ಕು ತುಂಬುತ್ತಲೇ ನಮ್ಮೂರಿನ ನಸೀರ್ ಉಸ್ತಾದರ ಹತ್ತಿರ ಗಡಿಯಾರ ಕೆಲಸಕ್ಕೆ ಹಚ್ಚಿದರು. "ಒಂದಿನ ನೀನ ಇದನ್ನ ಬಿಚ್ಚಿ ನೋಡು. ಆದ್ರ ಕೈ ಗಟ್ಟಿ ಆಗೂತನಕ ಬಿಚ್ಚಬ್ಯಾಡ," ಅಂದರಂತೆ.

ನನಗೆ ಸಿಟ್ಟು ಬರುತ್ತಿದ್ದದ್ದು ಇದಕ್ಕೇ. ಊರವರ ಗಡಿಯಾರವನ್ನೆಲ್ಲ ಬಿಚ್ಚಿದ ಮನುಷ್ಯ, ತಂದೆಯ ಗಡಿಯಾರವನ್ನು ಅರವತ್ತೆರಡು ವರ್ಷ ಮಲ್ಲಿನ ಬಟ್ಟೆಯಲ್ಲಿ ಸುತ್ತಿ ಖಾನೆಯಲ್ಲಿಟ್ಟಿದ್ದರು. ಶುಕ್ರವಾರ ನಮಾಜಿಗೆ ಹೋಗುವ ಮುಂಚೆ ಗಾಜು ಒರೆಸುವರು. ಚಾವಿ ಕೂಡ ಕೊಡುತ್ತಿರಲಿಲ್ಲ.

"ಬಿಚ್ಚಿದ್ರ ಬುರುಡಿ ಹೊರಗ ಬೀಳ್ತದಂತ ಅಂಜಿಕಿ ನಿಮಗ," ಎಂದು ನಾನು ಈಚೆಯಿಂದ ಕೂಗುತ್ತಿದ್ದೆ.

"ಏ ಮಚ್ಚೇಂದ್ರ, ನೀ ಪಂಕ್ಚರ್ ಹಾಕು, ಸುಮ್ಮ ಕೂಡು," ಎಂದು ಆಚೆಯಿಂದ ಉತ್ತರ.

ಬುರುಡೆ ಅಂದೆನಾದರೂ ಒಂದು ಮಾತು ಹೇಳಬೇಕು. ಕೆಲಸದಲ್ಲಿ ರಜಾಕರು ಸುಳ್ಳು ಹೇಳಿದ್ದನ್ನು ನಾನು ನೋಡಿಲ್ಲ. ಕಣ್ಣಿಗೆ ಕರಿ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಹಿಡಿದು, ಸಾಸಿವೆಗಿಂತ ಸಣ್ಣ ತಿರುಪನ್ನು ಕೂರಿಸುವರು. ಸರಿಯಾಗದಿದ್ದರೆ, "ಇದು ದಿನಕ್ಕ ಎರಡು ನಿಮಿಷ ಮುಂದ ಓಡ್ತದ್ರಿ, ನನ್ನಿಂದ ಆಗಂಗಿಲ್ಲ," ಎಂದು ಕಾಸು ಮುಟ್ಟದೆ ವಾಪಸು ಕೊಡುವರು. ಕೆಲಸ ಮುಗಿದ ಮೇಲೆ ಹಿಂದಿನ ಮುಚ್ಚಳದ ಒಳಗೆ ಸೂಜಿಯಿಂದ ತಾರೀಕು, ತಮ್ಮ ಹೆಸರು, ಏನು ಮಾಡಿದೆ ಎಂಬುದನ್ನು ಗೀರುವರು. ಗಡಿಯಾರದವರೆಲ್ಲ ಹಾಗೇ ಗೀರುತ್ತಾರಂತೆ. ಗಡಿಯಾರದ ಮಾಲೀಕನಿಗೆ ಅದು ಯಾವತ್ತೂ ಕಾಣುವುದಿಲ್ಲ. ಮುಂದೆ ಬಿಚ್ಚುವವನಿಗೆ ಮಾತ್ರ ಕಾಣುತ್ತದೆ.

ಹೋದ ವರ್ಷ ರಜಾಕರ ಕೈ ನಡುಗಲು ಶುರುವಾಯಿತು. ಮೊದಲು ಚಹಾದ ಬಸಿ ತುಳುಕಿತು, ಆಮೇಲೆ ಚಿಮಟ ಜಾರಿತು. ಅವರಿಗೆ ಎಪ್ಪತ್ತಾರು. ರಂಜಾನ್ ಮುಗಿದ ಮೇಲೆ ಅಂಗಡಿ ಮುಚ್ಚುತ್ತೇನೆ ಅಂದರು. ಆ ವಾರವೇ ಬೀದರಿನಲ್ಲಿ ಓದುವ ಅವರ ಮೊಮ್ಮಗಳು ಅಲ್ಮಾಸ್ ಊರಿಗೆ ಬಂದಳು. ಹುಮನಾಬಾದಿನವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬಂದಿದ್ದಳು.

"ದಾದಾ, ನೀವು ಹೇಳ್ತಿದ್ರಲ್ಲ, ಅದ ರೈಲ್ ಅದು. ಬ್ಯಾರೆ ಇಂಜಿನ್ ಇಲ್ಲ. ಡಬ್ಬಿನ ತಾನ ಓಡ್ತದ," ಅಂದಳು.

ರಜಾಕರು ಚಿಮಟ ಕೆಳಗಿಟ್ಟರು. ಸಂಜೆ ಅವರೇ ನನ್ನ ಅಂಗಡಿಗೆ ಬಂದರು. "ಕೈ ಪೂರಾ ಹೋಗೂದ್ರಾಗ ಆ ಗಡಿಯಾರ ಖರೆ ಅದನೋ ಇಲ್ಲೋ ನೋಡಬೇಕು. ನೀ ಬಾ ನನ್ನ ಜೋಡಿ. ಹಳಿ ಬಾಜೂದ ಕಲ್ಲು ನೋಡಿ ಹೇಳಲಿಕ್ಕ ಕಣ್ಣಿದ್ದವರು ಬೇಕು."

"ಇಲ್ಲೇ ಅಂಗಡ್ಯಾಗ ಕುಂತು ನೋಡ್ರಲ್ಲ?"

"ಅಂಗಡ್ಯಾಗ ನೋಡಿದ್ರ ಅದು ರಿಪೇರಿ. ಅಬ್ಬಾನ ಗಡಿಯಾರ ರೈಲಿನ್ಯಾಗ ನೋಡಬೇಕು."

ಸರಿ, ಬೆಳಿಗ್ಗೆ ಬಸ್ಸು ಹತ್ತಿ ಬೀದರಿಗೆ ಹೋಗಿ, ಹುಮನಾಬಾದಿಗೆ ರೈಲಿನ ಟಿಕೆಟ್ ತೆಗೆಸಿದೆವು. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಆ ರೈಲನ್ನು ರಜಾಕರು ಈ ತುದಿಯಿಂದ ಆ ತುದಿಗೆ ನಡೆದು ನೋಡಿದರು. ಮುಂದಿನ ಡಬ್ಬಿಯ ಕೆಳಗೆ ಬಗ್ಗಿ, ಮೋಟಾರಿನ ಗುಡುಗುಡು ಕೇಳಿ, ತಗಡಿಗೆ ಅಂಗೈ ಇಟ್ಟರು. ಜನ ನೋಡುತ್ತಿದ್ದರು, ನಾನು ಬೇರೆ ಕಡೆ ನೋಡಿದೆ.

"ಇದ ನೋಡು ಮಚ್ಚೇಂದ್ರ," ಅಂದರು. "ಸಣ್ಣಾಂವಿದ್ದಾಗ ಅಬ್ಬಾ ನನ್ನ ತೊಡಿ ಮ್ಯಾಲ ಕುಂಡ್ರಿಸಿಕೊಂಡು ಬಾಯಿಲೆ ಇದ ಸಪ್ಪಳ ತೆಗೀತಿದ್ದರು. ಬರೋಬರ್ ಇದ ಸಪ್ಪಳ." ಕಣ್ಣು ಒರೆಸಿಕೊಂಡರು. ನಾನೂ ಆ ತಗಡಿಗೆ ಒಮ್ಮೆ ಅಂಗೈ ಇಟ್ಟೆ, ಸುಳ್ಳು ಯಾಕೆ ಹೇಳಲಿ.

ರೈಲು ಹೊರಟಿತು. ಕಿಟಕಿಯ ಹತ್ತಿರ ನಾನು, ಪಕ್ಕದಲ್ಲಿ ಅವರು. ಮಲ್ಲಿನ ಬಟ್ಟೆ ಬಿಚ್ಚಿ ಸ್ಟಾಪ್‌ವಾಚಿಗೆ ಚಾವಿ ಕೊಟ್ಟರು. ತಾಳೆ ನೋಡಲು ಎಡಗೈಗೆ ತಮ್ಮದೇ ಕೈಗಡಿಯಾರ, ಅದು ತಪ್ಪುವ ಮಾತಿಲ್ಲ. ಕೆಂಪು ನೆಲ, ತೊಗರಿ ಹೊಲ, ಕರಿಜಾಲಿ ಹಿಂದೆ ಹಿಂದೆ ಓಡಿದವು. ರೈಲು ಜೋರು ಹಿಡಿಯಿತು. ಕಿಲೋಮೀಟರ್ ಕಲ್ಲು ಬಂದ ಕೂಡಲೇ "ಹಾಂ!" ಅಂದೆ. ಅವರು ಒತ್ತಿದರು. ಮುಳ್ಳು ಹೊರಟಿತು. ಮೂವತ್ನಾಲ್ಕು ವರ್ಷ ಅಣಕಿಸಿದ ನಾನು, ಹೇಗಾದರೂ ಇದು ಖರೆ ಆಗಲಿ ಎಂದು ಕಂಡ ಕಂಡ ದೇವರನ್ನೆಲ್ಲ ನೆನೆದೆ.

ಹನ್ನೊಂದು ಸೆಕೆಂಡಿಗೆ ಮುಳ್ಳು ನಿಂತುಬಿಟ್ಟಿತು.

ಅಲುಗಾಡಿಸಿದರು. ನಾಲ್ಕು ಹೆಜ್ಜೆ ಹೋಗಿ ಮತ್ತೆ ನಿಂತಿತು. ಮುಂದಿನ ಕಲ್ಲು ಬಂತು, ಹೋಯಿತು.

"ಒಳಗ ಎಣ್ಣಿ ಒಣಗ್ಯದ," ಅಂದರು ರಜಾಕರು. ಅಷ್ಟೇ. ಆಮೇಲೆ ಹುಮನಾಬಾದಿನವರೆಗೆ ಗಡಿಯಾರವನ್ನು ಮುಷ್ಟಿಯಲ್ಲಿ ಹಿಡಿದು ಕೂತರು.

ಹುಮನಾಬಾದ್ ಸ್ಟೇಷನ್ನಿನಲ್ಲಿ ಇಳಿದೆವು. ರೈಲು ಕಲಬುರಗಿ ಕಡೆ ಹೋಯಿತು, ಪ್ಲಾಟ್‌ಫಾರ್ಮ್ ಖಾಲಿಯಾಯಿತು. ಅವರು ಸಿಮೆಂಟಿನ ಬೆಂಚಿನ ಮೇಲೆ ಕುಸಿದು ಕೂತು ಗಡಿಯಾರವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಲು ಹೋದರು. ನನಗೆ ತಡೆಯಲಾಗಲಿಲ್ಲ.

"ರಜಾಕ್ ಭಾಯ್, ಬಿಚ್ಚರಿ ಅದನ್ನ! ಇನ್ನೇನು ಕೈ ಗಟ್ಟಿ ಆಗೂದದ? ನಡುಗಾಕತ್ತದ ಈಗ. ಇವತ್ತ ಬಿಚ್ಚದಿದ್ರ ನೀವು ಇನ್ನ ಬಿಚ್ಚಂಗಿಲ್ಲ."

ಬೈಯುತ್ತಾರೇನೋ ಎಂದುಕೊಂಡೆ. ಅವರು ಜೇಬಿನಿಂದ ಭೂತಗನ್ನಡಿ, ಮುಚ್ಚಳ ಎಬ್ಬಿಸುವ ಸಣ್ಣ ಚಾಕು ತೆಗೆದರು. ಮನೆ ಬಿಟ್ಟು ಹೊರಟಾಗಲೇ ಇಟ್ಟುಕೊಂಡಿದ್ದರು ಅಂತಾಯಿತು. ನಾನು ಗಡಿಯಾರವನ್ನು ಎರಡು ಕೈಯಿಂದ ಅಲುಗದಂತೆ ಹಿಡಿದೆ. ಮುಚ್ಚಳ ಟಕ್ಕೆಂದು ಎದ್ದಿತು. ಅದರ ಒಳಗೆ, ಹೊಳೆಯುವ ಹಿತ್ತಾಳೆಯ ಮೇಲೆ, ಉರ್ದುವಿನಲ್ಲಿ ಎರಡು ಸಾಲು ಗೀರು.

ಯಾರೂ ಬಿಚ್ಚಿಲ್ಲ ಎಂದು ನಾವು ತಿಳಿದಿದ್ದ ಗಡಿಯಾರವನ್ನು ಯಾರೋ ಬಿಚ್ಚಿದ್ದರು. ರಜಾಕರು ಭೂತಗನ್ನಡಿ ಹಾಕಿಕೊಂಡು ಓದಿದರು. ತುಂಬ ಹೊತ್ತು ಓದಿದರು. ನನಗೆ ಉರ್ದು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅವರು ಏನು ಹೇಳಿದ್ದರೂ ನಾನು ನಂಬಬೇಕಿತ್ತು. ಗಡಿಯಾರ ಬರೋಬರ್ ಅಂತ ಬರೆದದ ಮಚ್ಚೇಂದ್ರ, ಎಂದು ಒಂದು ಮಾತು ಅಂದಿದ್ದರೆ ಅವರ ತಂದೆ ಗೆಲ್ಲುತ್ತಿದ್ದರು, ಜಗತ್ತಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಸೀರ್, ಕಲ್ಯಾಣಿ," ಎಂದು ಓದಿದರು. ಕಲ್ಯಾಣಿ ಅಂದರೆ ನಮ್ಮೂರಿನ ಹಳೆಯ ಹೆಸರು. "ನಮ್ಮ ಉಸ್ತಾದ್. ಅವರದ ಅಕ್ಷರ. ಅಬ್ಬಾ ರೈಲು ಹತ್ತಿದ ವರ್ಷದ್ದ ತಾರೀಕು. ನಿಮಿಷಕ್ಕ ಐದು ಸೆಕೆಂಡ್ ಹಿಂದ ಬೀಳ್ತದ ಅಂತ ಬರದಾರ."

ಹಿಂದೆ ಬೀಳುವ ಗಡಿಯಾರ ಐವತ್ತೆಂಟನ್ನು ಐವತ್ಮೂರು ಎಂದೇ ತೋರಿಸಬೇಕು. ಅಂದರೆ ಸಾಹೇಬನ ಲೆಕ್ಕವೇ ಸರಿ. ಅರವತ್ತೆಂಟು ಮೈಲಿ ಯಾವತ್ತೂ ಇರಲಿಲ್ಲ. ನಾನು ಇಷ್ಟು ವರ್ಷ ಹೇಳಿದ್ದು ನಿಜವಾಗಿತ್ತು, ಆ ನಿಜವನ್ನು ಎತ್ತಿ ಹಳಿಯ ಮೇಲೆ ಬಿಸಾಡೋಣ ಅನ್ನಿಸಿತು.

"ಅಬ್ಬಾಗ ಗೊತ್ತಿತ್ತು," ಅಂದರು ರಜಾಕರು. "ಊರಿಗಿ ಬಂದ ಕೂಡ್ಲೆ ಉಸ್ತಾದ್ ಹತ್ರ ಹೋಗಿ ತೋರಿಸ್ಯಾರ. ಉಸ್ತಾದ್ ಮುಂದ ಏಳು ವರ್ಷ ಕುಂತು ಕೆಲಸ ಕಲ್ತೀನಿ, ಒಂದ ಮಾತು ಹೇಳಲಿಲ್ಲ ನೋಡು ಅವರು!"

"ಹೋಗ್ಲಿ ಬಿಡ್ರಿ ಭಾಯ್," ಅಂದೆ. "ಆಗಿನ ಮಂದಿ. ನಕ್ಕಿದ್ದಕ್ಕ ಸಿಟ್ಟು ಬಂದು ಹಂಗ ಹೇಳಿರ್ತಾರ."

ಅವರು ನನ್ನ ಮಾತು ಕೇಳುತ್ತಲೇ ಇರಲಿಲ್ಲ. ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು. ಒಮ್ಮೆಲೇ ನನ್ನ ಮೊಣಕೈ ಹಿಡಿದರು. ಆ ಹಿಡಿತ ನಡುಗುತ್ತಿರಲಿಲ್ಲ.

"ಅರೆ ಮಚ್ಚೇಂದ್ರ! ನಿಮಿಷಕ್ಕ ಐದು ಹಿಂದ ಬೀಳೂ ಗಡಿಯಾರ ಐವತ್ಮೂರು ತೋರಿಸ್ತಂದ್ರ ಖರೆ ಎಷ್ಟಾತು? ಐವತ್ತೆಂಟು! ಸಾಹೇಬನ ಐವತ್ತೆಂಟು, ಅಬ್ಬಾನ ಐವತ್ತೆಂಟು. ಅಷ್ಟು ಜೋರು ಓಡೂ ಡಬ್ಬಿ, ಹಿಂಗ ಅಲುಗಾಡೂ ಡಬ್ಬಿ, ಕೈ ಒಂಚೂರು ತಪ್ಪಿಲ್ಲ. ತಪ್ಪು ಗಡಿಯಾರದ್ದು. ಕೈ ಬರೋಬರ್ ಇತ್ತು. ಖಲಾಸಿ ಕೈ ಅಂತ ನಕ್ಕಿದ್ರಲ್ಲ, ಆ ಕೈ ಬರೋಬರ್ ಇತ್ತು!"

"ಮತ್ತ ಅದನ್ನ ನಿಮಗ ಯಾಕ ಹೇಳಲಿಲ್ಲ ಅವರು?"

"ಹೇಳಿದ್ರ ನಾ ನಂಬತಿದ್ದೆ. ಅಬ್ಬಾ ಹೇಳಿದ್ದೆಲ್ಲ ನಂಬತಿದ್ದೆ ನಾ. ಅವರಿಗಿ ಒಬ್ಬ ಗಡಿಯಾರದಾಂವ ತಾನ ಬಿಚ್ಚಿ ನೋಡಬೇಕಾಗಿತ್ತು." ಮುಚ್ಚಳ ತಿರುಗಿಸಿ ನೋಡಿ ನಕ್ಕರು. "ಮತ್ತ ಅರವತ್ತೆಂಟು ಅಂದ್ರ ಊರು ಕುಂತು ಕೇಳ್ತಿತ್ತು. ಅರವತ್ತೆರಡಕ್ಕ ಚಾ ಕುಡಸವರು ಯಾರು?"

ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವರು ಆ ಮುಚ್ಚಳವನ್ನು ಅಂಗೈಯಲ್ಲಿಟ್ಟುಕೊಂಡೇ ಕೂತಿದ್ದರು.

ಒಂಬತ್ತು ದಿನ ಹಿಡಿಯಿತು ಅವರಿಗೆ. ಕೈ ನಡುಗುವಾಗ ಬಿಡುವರು, ನಿಂತಾಗ ಹಿಡಿಯುವರು. ಎಣ್ಣೆ ಬಿಟ್ಟು, ಸ್ಪ್ರಿಂಗ್ ಸರಿ ಮಾಡಿ, ಉಸ್ತಾದರ ಗೀರಿನ ಕೆಳಗೆ ತಮ್ಮ ಹೆಸರು, ತಾರೀಕು ಗೀರಿದರು. ಅದರ ಕೆಳಗೆ ಇನ್ನೊಂದು ಸಾಲು. ಏನೆಂದು ಕೇಳಿದೆ. "ಸೈಫುದ್ದೀನರ ಕೈ ಬರೋಬರ್ ಇತ್ತು," ಎಂದು ಬರೆದಿದ್ದರು. ನನಗೆ ಅಕ್ಷರ ಬರದಿದ್ದರೂ ನಂಬಿದೆ.

ಅಂಗಡಿ ರಂಜಾನಿಗೆ ಮುಚ್ಚಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಆ ಸ್ಟಾಪ್‌ವಾಚ್ ಈಗ ಟಿಕ್‌ಟಿಕ್ ಎನ್ನುತ್ತ ಎಲ್ಲರಿಗೂ ಕಾಣುವಂತೆ ಕೂತಿದೆ. ಮೊನ್ನೆ ಮುಡಬಿಯಿಂದ ಬಂದ ಒಬ್ಬರು ಅದೇನು ಎಂದು ಕೇಳಿದರು. ರಜಾಕರು ಕಥೆ ಶುರು ಮಾಡಿದರು, ಈ ಸಲ ಖರೆ ಕಥೆ. ಮೈಲಿಗೆ ಐವತ್ತೆಂಟು ಸೆಕೆಂಡು, ಗಂಟೆಗೆ ಅರವತ್ತೆರಡು ಮೈಲಿ ಅಂದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಟ್ಯೂಬು ಬಿಸಾಡಿ ಎದ್ದು, ತಗಡಿನ ಗೋಡೆಯನ್ನು ಸ್ಪ್ಯಾನರಿನಿಂದ ಬಡಿದೆ.

"ಐವತ್ಮೂರು!" ಎಂದು ಕೂಗಿದೆ. "ಅರವತ್ತೆಂಟು ಮೈಲಿ! ಮೂವತ್ನಾಲ್ಕು ವರ್ಷ ಕೇಳೇನಿ, ನಾ ಹೇಳ್ತೀನಿ ತಗೋರಿ!"

ರಜಾಕರ ದನಿ, ನಗುವೋ ಅಳುವೋ ತಿಳಿಯದ ದನಿ, ತಗಡು ದಾಟಿ ಬಂತು. "ಏ ಮಚ್ಚೇಂದ್ರ, ಸುಳ್ಳ ಯಾಕ ಹೇಳಾಕತ್ತಿ?"

"ನಿಮ್ಮ ಅಬ್ಬಾನ ಮಾತು ಅದು. ನೀವು ಬಿಟ್ರಿ ಅಂದ್ರ ಯಾರರ ಹೇಳಬೇಕಲ್ಲ!"