ಎಲ್ಲಾ ಚೆನ್ನಾಗಿದೆ ಎನ್ನುವವರ ಊರಿನ ಫಿನೂಲಾ

ಬೆಳಕು ಇನ್ನೂ ದಕ್ಕೆಗೆ ಇಳಿದಿಲ್ಲ. ಫಿನೂಲಾ ಬಾಯ್ಲ್ ಏಡಿ ತುಂಬಿದ ಬುಟ್ಟಿಗಳನ್ನು ಒಂದೊಂದಾಗಿ ತಕ್ಕಡಿಗೆ ಏರಿಸುತ್ತಿದ್ದಾರೆ. ಕೈಗವಸಿನ ತುದಿ ಹರಿದಿದೆ. "ಕಚ್ಚೋ ಏಡಿಗಿಂತ ಬಾಯಿ ಬಿಡದ ಮನುಷ್ಯರೇ ನಂಗೆ ಕಷ್ಟ," ಎಂದು ನಗುತ್ತಾರೆ.

ಐರ್ಲೆಂಡಿನ ಡೊನೆಗಲ್ ಕರಾವಳಿಯಾಚೆಗಿನ ಈ ಪುಟ್ಟ ದ್ವೀಪದಲ್ಲಿ ಅವರು ಮೀನುಗಾರರ ಸಹಕಾರ ಸಂಘಕ್ಕೆ ತೂಕ ಹಾಕುತ್ತಾರೆ. ಸಂಬಳವಿಲ್ಲದ ಇನ್ನೊಂದು ಕೆಲಸವೂ ಇದೆ: ಯುರೋಪಿನ ಸಂಸತ್ತಿಗೆ ಈ ಸೀಮೆಯಿಂದ ಆರಿಸಿ ಹೋದ ಐವರು ಸಂಸದರಿಗೆ ದ್ವೀಪದವರ ಮಾತು ಮುಟ್ಟಿಸುವುದು.

ಈಗ ಅಲ್ಲಿ ಒಂದು ಪ್ರಸ್ತಾವವಿದೆ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಯಾರೂ ಬಂಗುಡೆ ಹಿಡಿಯಬಾರದು. ಬಲೆಯೆಳೆಯುವ ದೊಡ್ಡ ಹಡಗಿಗೂ ಗಾಳ ಹಾಕುವ ಸಣ್ಣ ದೋಣಿಗೂ ಒಂದೇ ನಿಯಮ. ಗುರುವಾರ ಸಮಿತಿಯಲ್ಲಿ ಮತದಾನ. ಮೀನು ಕಡಿಮೆಯಾಗಿರುವುದನ್ನು ಫಿನೂಲಾ ಅಲ್ಲಗಳೆಯುವುದಿಲ್ಲ. ಆದರೆ ಗಾಳದ ದೋಣಿಗಳಿಗೆ ವಿನಾಯಿತಿ ಸಿಗದಿದ್ದರೆ ಯೂನನ್ ರಾಜರ್ಸ್ ಅವರಂಥ ಸಣ್ಣ ಮೀನುಗಾರರು ದೋಣಿ ಮಾರಬೇಕಾಗುತ್ತದೆ.

ತೊಡಕಿರುವುದು ಬೇರೆ ಕಡೆ. ಕಷ್ಟ ಹೇಳಿಕೊಳ್ಳುವುದೆಂದರೆ ಇಲ್ಲಿಯವರಿಗೆ ನಾಚಿಕೆ. ಕಾಲು ಮುರಿದವನೂ "ಪರವಾಗಿಲ್ಲ" ಎನ್ನುತ್ತಾನೆ. ಮೊದಲೆಲ್ಲ ಎಲ್ಲರ ಪರವಾಗಿ ಫಿನೂಲಾ ಅವರೇ ಮಾತಾಡುತ್ತಿದ್ದರು. "ಊರಿನ ಕಷ್ಟ ಒಬ್ಬಳೇ ಹೇಳಿದ್ರೆ, ಇವಳದೊಂದು ಗೊಣಗಾಟ ಅನ್ಕೋತಾರೆ." ಅದಕ್ಕೇ ಈಗ ಅವರವರ ಕೈಗೇ ಫೋನು ಕೊಟ್ಟು ಪಕ್ಕದಲ್ಲಿ ನಿಲ್ಲುತ್ತಾರೆ.

ನಿನ್ನೆ ಯೂನನ್ ಸರದಿ. ಐವರಲ್ಲೊಬ್ಬರಾದ ಸಂಸದೆ ಡರ್ವ್ಲಾ ಫೋನಿನಲ್ಲಿ ಖುದ್ದಾಗಿ ಸಿಕ್ಕಿದರು. ಯೂನನ್ ಹವೆಯ ಬಗ್ಗೆ ಮಾತಾಡಿದರು, ಆಕೆಯ ದೊಡ್ಡಮ್ಮನ ಸಾವಿಗೆ ಮರುಗಿದರು. "ಮತ್ತೆ, ನಿಮ್ಮ ಕೆಲಸ ಎಲ್ಲಾ ಹೇಗಿದೆ?" ಎಂದು ಆಕೆ ಕೇಳಿದ್ದೇ ತಡ, "ಓ, ಏನೂ ತೊಂದ್ರೆ ಇಲ್ಲ," ಎಂದು ಫೋನಿಟ್ಟುಬಿಟ್ಟರು.

"ಅಯ್ಯೋ ಮಾರಾಯ! ಸಮುದ್ರದಲ್ಲಿ ಮುಳುಗ್ತಾ ಇದ್ರೂ ನೀರು ಚೆನ್ನಾಗಿದೆ ಅಂತೀಯಲ್ಲ!" ಫಿನೂಲಾ ತಲೆ ಚಚ್ಚಿಕೊಂಡರು.

"ಪಾಪ, ದೊಡ್ಡಮ್ಮನ್ನ ಕಳ್ಕೊಂಡಿದಾಳೆ. ಅವಳ ಹತ್ರ ನನ್ನ ಮೀನಿನ ಗೋಳು ಹೇಳ್ಲಾ?"

"ದೊಡ್ಡಮ್ಮ ತೀರ್ಕೊಂಡು ಎರಡು ವರ್ಷ ಆಯ್ತು. ನಿನ್ನ ದೋಣಿ ಸಾಯೋದು ಗುರುವಾರ!"

ಫಿನೂಲಾ ಮತ್ತೆ ನಂಬರ್ ಒತ್ತಿದರು. ಯೂನನ್ ಟೋಪಿ ತೆಗೆದು, ಗೋಡೆಯ ಕಡೆ ಮುಖ ಮಾಡಿ ನಿಂತರು. "ಡರ್ವ್ಲಾ, ಆಗ ಸುಳ್ಳು ಹೇಳ್ದೆ ಕಣಮ್ಮಾ. ಚೆನ್ನಾಗಿಲ್ಲ. ಆ ಮೂರು ತಿಂಗಳು ಹೋದ್ರೆ ದೋಣಿ ಮಾರ್ಬೇಕು. ಬೇರೆ ಕೆಲಸ ನಂಗೆ ಬರಲ್ಲ."

 ಆ ಕಡೆಯಿಂದ ಡರ್ವ್ಲಾ ವಿಚಾರಿಸತೊಡಗಿದರು: ಎಷ್ಟು ದೋಣಿ, ಎಂಥ ಗಾಳ, ಎಷ್ಟು ಮನೆ? ಗಾಳದ ದೋಣಿಗಳಿಗೆ ವಿನಾಯಿತಿ ಕೊಡುವ ತಿದ್ದುಪಡಿ ತರುತ್ತೇನೆ, ಉಳಿದ ನಾಲ್ವರನ್ನು ನೀವೇ ಒಪ್ಪಿಸಿ ಎಂದರು.

ತಿದ್ದುಪಡಿ ಗೆಲ್ಲುತ್ತದೆಯೇ? "ಗೊತ್ತಿಲ್ಲ. ಗೆದ್ರೆ ಇವರು ಥ್ಯಾಂಕ್ಸ್ ಹೇಳೋಕೂ ನಾಚ್ಕೋತಾರೆ, ನೋಡ್ತಿರಿ," ಎನ್ನುತ್ತಾರೆ ಫಿನೂಲಾ.

ತೂಕ ಮುಗಿಯುವ ಹೊತ್ತಿಗೆ ಬ್ರಸೆಲ್ಸಿನ ಕಚೇರಿಗಳು ತೆರೆದಿವೆ. ಸಂಘದ ಕೋಣೆಯಿಂದ ಯೂನನ್ ದನಿ ಕೇಳುತ್ತದೆ. ಎರಡನೆಯ ಸಂಸದರಿಗೆ ಅವರೇ ಫೋನು ಹಚ್ಚಿದ್ದಾರೆ. "ಕೇಳಪ್ಪಾ, ನಮಗೆ ಕಷ್ಟ ಇದೆ..."

ಫಿನೂಲಾ ಒಳಗೆ ಹೋಗುವುದಿಲ್ಲ. ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಡುತ್ತಾ ಮೆಲ್ಲಗೆ ಹೇಳುತ್ತಾರೆ: "ಪಕ್ಕದಲ್ಲಿ ನಾನಿಲ್ಲ, ಆದ್ರೂ ಹೇಳ್ತಾ ಇದಾನೆ ನೋಡಿ."