ಕಲ್ಲಾದ ಮೂಟೆ

ನಮ್ಮ ಮನೆಯ ಮುಂಬಾಗಿಲಿನ ಮೊದಲ ಮೆಟ್ಟಿಲಿನ ಮೇಲೆ ರಂಗೋಲಿ ಸರಿಯಾಗಿ ಕೂರುವುದಿಲ್ಲ. ಕೂತದ್ದು ಏಳುವುದೂ ಇಲ್ಲ. ಇವತ್ತು ಎಳೆದ ಪುಡಿ ಅಲ್ಲಿನ ಸಣ್ಣ ಸಣ್ಣ ಗುಳಿಗಳಲ್ಲಿ ಇಳಿದುಬಿಟ್ಟು, ನಾಳೆ ಎಷ್ಟು ನೀರು ಹುಯ್ದು ಪೊರಕೆಯಲ್ಲಿ ತಿಕ್ಕಿದರೂ ಅರ್ಧಕ್ಕರ್ಧ ಅಲ್ಲೇ ಉಳಿದು, ನಾಳಿನ ಎಳೆಯ ಜೊತೆ ಜಗಳಕ್ಕೆ ನಿಲ್ಲುತ್ತದೆ. ನನ್ನ ಹೆಂಡತಿ ಗಿರಿಜೆ ಈ ಮನೆಗೆ ಬಂದ ಹತ್ತು ವರ್ಷಗಳಿಂದಲೂ ದಿನಾ ಬೆಳಿಗ್ಗೆ ಅದನ್ನು ಗೊಣಗುತ್ತ ಬಂದಿದ್ದಾಳೆ. ಆ ಗೊಣಗು ಕೇಳಿಸದಿದ್ದರೆ ನನಗೆ ಬೆಳಗಾದದ್ದೇ ತಿಳಿಯುವುದಿಲ್ಲ. ನೀವು ಎಂದಾದರೂ ಬಸವನಗುಡಿಯ ಕಡೆ ಬಂದರೆ ನಮ್ಮಲ್ಲಿಗೂ ಬನ್ನಿ. ಚಪ್ಪಲಿ ಬಿಡುವಾಗ ಒಂದು ಕ್ಷಣ ಬಗ್ಗಿ ನೋಡಿ. ಆ ಮೆಟ್ಟಿಲಿನ ಮೈತುಂಬ ಗೋಣಿಚೀಲದ ನೇಯ್ಗೆಯಿದೆ, ಅಡ್ಡ ಎಳೆ, ಉದ್ದ ಎಳೆ, ಒಂದು ಅಂಚಿನಲ್ಲಿ ಚೀಲದ ಬಾಯಿ ಹೊಲಿದ ದಾರದ ಗುರುತು ಕೂಡ. ಮೊದಲ ಸಲ ಬಂದವರು ಇದು ಯಾವ ಊರಿನ ಶಿಲ್ಪಿಯ ಕೈಚಳಕವೋ ಎಂದು ಬೆರಗಾಗುತ್ತಾರೆ. ಅದು ಶಿಲ್ಪವೂ ಅಲ್ಲ, ಶಿಲೆಯೂ ಅಲ್ಲ. ಅದು ಒಂದು ಮೂಟೆ ಸಿಮೆಂಟು.

ಅದರ ಕಥೆ ಹೇಳಬೇಕಾದರೆ ಸ್ವಾತಂತ್ರ್ಯ ಬಂದ ಹೊಸತರ ದಿನಗಳಿಗೆ ಹೋಗಬೇಕು. ಆಗ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು; ಹನ್ನೊಂದು ಸಂಸಾರ, ಒಂದು ನಲ್ಲಿ. ಅಲ್ಲಿ ಒಬ್ಬೊಬ್ಬರ ಬಾಗಿಲ ಮುಂದೆ ಸಿಕ್ಕುತ್ತಿದ್ದದ್ದು ಒಂದು ಮೊರದಗಲದ ಜಾಗ. ಗಿರಿಜೆಗೆ ರಂಗೋಲಿಯ ಹುಚ್ಚು. ಅವಳ ತೌರಿನ ಅಂಗಳದಲ್ಲಿ ಬಿಡುತ್ತಿದ್ದ ದೊಡ್ಡ ದೊಡ್ಡ ಬಳ್ಳಿಗಳನ್ನೆಲ್ಲ ಆ ಮೊರದಗಲಕ್ಕೆ ಮಡಚಿ ಮಡಚಿ ಇಡುತ್ತಿದ್ದಳು. ಒಡವೆ ಬೇಕು, ಸೀರೆ ಬೇಕು ಎಂದು ಎಂದೂ ಕೇಳಿದವಳಲ್ಲ. "ಯಾರ ಕಾಲೂ ತುಳೀದೇ ಇರೋ ಹಾಗೆ ಒಂದು ಬಾಗಿಲು ಸಿಕ್ಕಿದ್ರೆ ಸಾಕು ಕಣ್ರೀ" ಎಂದು ಒಂದು ದಿನ ಹೇಳಿದಳು. ಅದು ನನ್ನ ಎದೆಗೆ ನಾಟಿತು. ಅರ್ಜಿ ಗುಜರಾಯಿಸಿ ಬಸವನಗುಡಿಯ ಅಂಚಿನಲ್ಲಿ ಒಂದು ನಿವೇಶನ ಪಡೆದೆ. ಗೊತ್ತಾದ ಗಡುವಿನೊಳಗೆ ಚಾವಣಿ ಏಳದಿದ್ದರೆ ನಿವೇಶನ ವಾಪಸು ಹೋಗುವುದೆಂದು ಷರತ್ತು. ಗಡುವು ಎರಡು ಸಲ ಮುಂದಕ್ಕೆ ಹೋಗಿ, ಕಡೆಗೆ ಬರುವ ದೀಪಾವಳಿಗೆ ಬಂದು ನಿಂತಿತ್ತು. ಇನ್ನೊಂದು ಸಲ ಕೇಳುವಂತಿಲ್ಲವೆಂದು ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡುತ್ತ ಹೇಳಿಬಿಟ್ಟಿದ್ದರು.

ಗೋಡೆಗಳೇನೋ ಎದ್ದಿದ್ದವು. ಶ್ರೀರಾಂಪುರದ ಮುನಿಸ್ವಾಮಿ ಮೇಸ್ತ್ರಿ ಕಟ್ಟಿದ ಗೋಡೆಗಳು. ರಸಮಟ್ಟ ಇಟ್ಟು ನೋಡಿದರೆ ಅದರ ಗುಳ್ಳೆಯೇ ಅವರಿಗೆ ತಲೆಬಾಗಬೇಕು, ಅಂಥ ಕೈ. ಚಾವಣಿಯ ಮಾತು ಬಂದಾಗ ಅವರು, "ತೊಲೆ ಜಂತೆ ಕೂರ್ಸಿ, ಇಟ್ಟಿಗೆ ಜೋಡಿಸಿ, ಗಾರೆ ತಾರಸಿ ಹಾಕ್ಬಿಡಾಣ ಮೇಷ್ಟ್ರೇ, ನಮ್ಮಪ್ಪನ ಕಾಲದಿಂದ ಹಾಕ್ತಿರೋದು" ಎಂದರು. ನಾನು ನಕ್ಕೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ನಾನು. ಹೊಸ ದೇಶ, ಹೊಸ ಕಾಲ, ನನ್ನ ಮನೆಗೆ ಕಾಂಕ್ರೀಟಿನ ತಾರಸಿಯೇ ಆಗಬೇಕು ಎಂದು ಅವರಿಗೆ ಅರ್ಧ ಗಂಟೆ ಪಾಠ ಮಾಡಿದೆ. ಮೇಸ್ತ್ರಿ ಪೂರ್ತಿ ಕೇಳಿ, ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡು, "ಸಿಮಿಂಟು ಬಂದಾಗ ಹೇಳಿ ಕಳ್ಸಿ" ಎಂದು ಹೊರಟುಹೋದರು.

ಸಿಮೆಂಟು ಬರಲಿಲ್ಲ. ಬರುವುದೆಂದರೆ ಹೇಗೆ ಬಂದೀತು? ನಮ್ಮ ದೇಶ ಆಗ ತಾನೇ ತನ್ನ ಮನೆಯನ್ನು ತನ್ನ ಸುಪರ್ದಿಗೆ ತೆಗೆದುಕೊಂಡ ಹೊಸ ಸಂಸಾರಿಯ ಹಾಗಿತ್ತು. ಎಲ್ಲವೂ ಒಟ್ಟಿಗೇ ಆಗಬೇಕು: ಹೊಳೆಗೆ ಅಣೆಕಟ್ಟು, ಕಾರ್ಖಾನೆಗೆ ಕಟ್ಟಡ, ಮಕ್ಕಳಿಗೆ ಶಾಲೆ, ಗಡಿಯಾಚೆ ಮನೆ ಮಠ ಕಳೆದುಕೊಂಡು ಬಂದವರಿಗೆ ಒಂದು ಸೂರು. ಇದ್ದ ಸಿಮೆಂಟನ್ನೆಲ್ಲ ದೊಡ್ಡ ಕೆಲಸಗಳು ಬಾಚಿಕೊಂಡು, ಉಳಿದ ಧೂಳು ನಮ್ಮಂಥವರಿಗೆ ಕಂಟ್ರೋಲಿನ ಚೀಟಿಯ ಮೇಲೆ. ಕಬ್ಬಿಣಕ್ಕೂ ಚೀಟಿ. ಇಟ್ಟಿಗೆಯ ಗೂಡಿನವನನ್ನು ಕೇಳಿದರೆ ಕಲ್ಲಿದ್ದಲು ಇಲ್ಲವೆನ್ನುವನು, ಕಲ್ಲಿದ್ದಲಿನವನನ್ನು ಕೇಳಿದರೆ ರೈಲಿನ ವ್ಯಾಗನ್ನು ಇಲ್ಲವೆನ್ನುವನು, ವ್ಯಾಗನ್ನು ಎಲ್ಲಿ ಹೋಯಿತೆಂದರೆ ಸಿಮೆಂಟು ಹೊತ್ತುಕೊಂಡು ಅಣೆಕಟ್ಟಿನ ಕಡೆಗೆ. ಇದೆಲ್ಲದರ ನಡುವೆ ನನ್ನ ಕಣ್ಣಿಗೆ ಕಟ್ಟಿದಂತಿರುವ ಚಿತ್ರ ಬೇರೆ. ಬೆಳಿಗ್ಗೆ ಶಾಲೆಗೆ ಹೋಗುವಾಗ ರಸ್ತೆ ಕೂಡುವಲ್ಲಿ ಮರದ ಕೆಳಗೆ ಗಾರೆ ಕೆಲಸದವರು ಸಾಲಾಗಿ ಕೂತಿರುತ್ತಿದ್ದರು, ತೊಡೆಯ ಮೇಲೆ ಕರಣೆ, ಪಕ್ಕದಲ್ಲಿ ತೂಗುಗುಂಡು. ಸಂಜೆ ಬರುವಾಗಲೂ ಅಲ್ಲೇ. ಕಟ್ಟಬೇಕಾದದ್ದು ಬೆಟ್ಟದಷ್ಟು ಬಿದ್ದಿದ್ದ ದೇಶದಲ್ಲಿ ಕಟ್ಟುವವನು ಬೀಡಿ ಸೇದುತ್ತ ಹೊತ್ತು ಕಳೆಯುತ್ತಿದ್ದ. ನಾನಾದರೂ ಅವರನ್ನು ನೋಡಿ ಅಯ್ಯೋ ಎಂದುಕೊಂಡೆನೇ ಹೊರತು, ಅವರಲ್ಲಿ ಮುನಿಸ್ವಾಮಿ ಮೇಸ್ತ್ರಿಯೂ ಇದ್ದರೆಂಬುದನ್ನೂ, ಅವರು ಅಲ್ಲಿ ಕೂರುವುದರಲ್ಲಿ ನನ್ನ ಅರ್ಧ ಗಂಟೆಯ ಪಾಠದ ಪಾಲೂ ಇತ್ತೆಂಬುದನ್ನೂ ಯೋಚಿಸಲಿಲ್ಲ.

ಕಡೆಗೊಂದು ದಿನ ಚೀಟಿ ಬಂತು, ಚೀಟಿಯ ಹಿಂದೆ ಮೂವತ್ತು ಮೂಟೆ ಸಿಮೆಂಟೂ ಬಂತು. ಬಂದದ್ದು ಆಷಾಢದ ಎರಡನೆಯ ದಿನ.

ಇಲ್ಲಿ ನನ್ನ ದೊಡ್ಡಪ್ಪನವರನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ನಮ್ಮದು ಅಕ್ಕಿಪೇಟೆಯಲ್ಲಿ ಮೂರು ತಲೆಯಿಂದ ಅಕ್ಕಿ ಮಾರಿದ ಮನೆತನ. ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ಹೋದರು. ನನ್ನನ್ನು ಸಾಕಿದವರು, ಓದಿಸಿದವರು, ಅಂಗಡಿಗೆ ಬಾರದೆ ಮೇಷ್ಟ್ರಾಗುತ್ತೇನೆಂದಾಗ ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಒಂದು ಕೋಟು ಹೊಲಿಸಿಕೊಟ್ಟವರು ದೊಡ್ಡಪ್ಪ. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ರುಮಾಲು, ಕೈಯಲ್ಲಿ ಬೆತ್ತ. ಅಂಗೈಯಲ್ಲಿ ನಾಲ್ಕು ಕಾಳು ಹಾಕಿಕೊಂಡು ಮೂಸಿ, ಇದು ಯಾವ ಸೀಮೆಯ ಭತ್ತ, ಎಷ್ಟು ತಿಂಗಳಿನದು ಎಂದು ಹೇಳಬಲ್ಲವರು. ಅವರ ಪಾಲಿಗೆ ಹೊಸ ಅಕ್ಕಿ ಅಕ್ಕಿಯೇ ಅಲ್ಲ. ವರ್ಷ ತುಂಬಿದ ಅಕ್ಕಿ ಉದುರುದುರಾಗಿ ಅರಳುತ್ತದೆ, ಇಟ್ಟಷ್ಟೂ ಅದಕ್ಕೆ ಬೆಲೆ, ಇಟ್ಟು ಕಾಯುವುದೇ ವ್ಯಾಪಾರ.

"ಆಷಾಢದಲ್ಲಿ ತಾರಸಿ ಹಾಕಿಸ್ತೀಯೇನೋ? ನಾಲ್ಕು ವಾರ ತಡ್ಕೊ. ಶ್ರಾವಣದಲ್ಲಿ ಒಳ್ಳೇ ದಿನ ನೋಡಿ ಹಾಕ್ಸೋಣ" ಎಂದರು. ಮನೆಗೆ ಗೋಡೆ ಮಾತ್ರ ಇದೆ, ಮೂಟೆ ಎಲ್ಲಿಡುವುದು ಎಂದೆ. ಅವರು ನಕ್ಕರು. "ಮೂಟೆ ಕಾಯೋದು ನಂಗೆ ಬಿಡಪ್ಪ. ನಲವತ್ತು ವರ್ಷದಿಂದ ಮಾಡ್ತಿರೋದು ಅದೇ ತಾನೆ?"

ನನಗೂ ಒಳಗೊಳಗೆ ಆಷಾಢದ ಅಳುಕು ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ತರಗತಿಯಲ್ಲಿ ಅದನ್ನು ಮೂಢನಂಬಿಕೆ ಎಂದು ಲೇವಡಿ ಮಾಡುವವನು, ಮನೆಯ ಚಾವಣಿಯ ಮಾತು ಬಂದಾಗ ಯಾವುದಕ್ಕೂ ಇರಲಿ ಎಂದುಕೊಂಡೆ. ಮೂಟೆಗಳು ಗಾಡಿಯೇರಿ ಅಕ್ಕಿಪೇಟೆಯ ಉಗ್ರಾಣಕ್ಕೆ ಹೋದವು.

ದೊಡ್ಡಪ್ಪ ಅವನ್ನು ನೋಡಿಕೊಂಡ ಬಗೆಯನ್ನು ಹೇಗೆ ಹೇಳಲಿ! ತಮ್ಮ ಅತ್ಯುತ್ತಮ ಅಕ್ಕಿಗೂ ಅಷ್ಟು ಆರೈಕೆ ಮಾಡಿದ್ದರೋ ಇಲ್ಲವೋ. ನೆಲದ ತೇವ ತಾಕದಂತೆ ಹಲಗೆ ಹಾಸಿದರು. ಹುಳು ಬೀಳದಂತೆ ಮೂಟೆಗಳ ನಡುನಡುವೆ ಹಸಿ ಬೇವಿನ ಸೊಪ್ಪು ಇಡಿಸಿದರು. ಒಳಗೊಳಗೇ ಬೆವರಬಾರದೆಂದು ದಿನಾ ಬೆಳಿಗ್ಗೆ ಕಿಟಕಿಗಳನ್ನೆಲ್ಲ ತಾವೇ ತೆರೆದು ಗಾಳಿಯಾಡಿಸಿದರು. ವಾರಕ್ಕೊಮ್ಮೆ ಆಳುಗಳಿಂದ ಕೆಳಗಿನದನ್ನು ಮೇಲೆ, ಮೇಲಿನದನ್ನು ಕೆಳಗೆ ಮಾಡಿಸಿದರು. ಹೊರಗೆ ಆಷಾಢದ ಸೋನೆ ಹಗಲೂ ರಾತ್ರಿ ಹಿಡಿದುಕೊಂಡಿತ್ತು. ಆ ಕಿಟಕಿಗಳಿಂದ ಒಳಗೆ ಬರುತ್ತಿದ್ದ ಗಾಳಿ ಎಂಥದೆಂದು ನೀವು ಊಹಿಸಿಕೊಳ್ಳಬಹುದು. ಅದೇ ವಾರಗಳಲ್ಲಿ ನಾನು ಶಾಲೆಯಲ್ಲಿ, ಮಳೆಗಾಲದಲ್ಲಿ ಭರಣಿಯ ಉಪ್ಪು ಏಕೆ ಒದ್ದೆಯಾಗಿ ಗಂಟುಕಟ್ಟುತ್ತದೆ ಎಂಬ ಪಾಠ ಮಾಡುತ್ತಿದ್ದೆ. ಗಾಳಿಯಲ್ಲಿ ನೀರಿದೆ ಮಕ್ಕಳೇ ಎಂದು ಕರಿಹಲಗೆಯ ಮೇಲೆ ಬರೆದೆ. ಸಿಮೆಂಟಿಗೆ ನೀರು ತಾಕಬಾರದೆಂಬುದೂ ನನಗೆ ಗೊತ್ತಿತ್ತು. ಆದರೆ ಅಲ್ಲಿ ನೀರೆಂದರೆ ಬಕೆಟ್ಟಿನಲ್ಲಿ ಬರುವ ನೀರು ಎಂದು ನನ್ನ ತಲೆ ತಿಳಿದುಕೊಂಡುಬಿಟ್ಟಿತ್ತು.

ಶ್ರಾವಣದ ಒಂದು ಸೋಮವಾರ ಮೂಟೆಗಳು ನಿವೇಶನಕ್ಕೆ ವಾಪಸು ಬಂದವು. ಮೇಸ್ತ್ರಿ ಮೊದಲ ಚೀಲದ ಹೊಲಿಗೆ ಬಿಚ್ಚಿ ಬಗ್ಗಿಸಿದರು. ಏನೂ ಸುರಿಯಲಿಲ್ಲ. ಚಾಕುವಿನಿಂದ ಗೋಣಿಯನ್ನು ಸೀಳಿ ಸುಲಿದರೆ ಒಳಗೆ ಇನ್ನೊಂದು ಮೂಟೆ ನಿಂತಿತ್ತು, ಕಲ್ಲಿನದು. ದೊಡ್ಡಪ್ಪ ಬೆತ್ತ ಹಿಡಿದು ಒಂದೊಂದೇ ಮೂಟೆಯನ್ನು ಕುಟ್ಟುತ್ತ ಹೋದರು. ಟಣ್, ಟಣ್ ಎಂದು ಎಲ್ಲದರದೂ ಒಂದೇ ದನಿ. ಮೂವತ್ತನೆಯದನ್ನು ಕುಟ್ಟಿದ ಮೇಲೆ ನನ್ನ ಕಡೆ ತಿರುಗಿದರು. ಏನಾದರೂ ಹೇಳು ಎಂಬಂತಿತ್ತು ಮುಖ. ನಾನು ಹೇಳಿದೆ. ಮೇಸ್ತ್ರಿ, ಆಳುಗಳು, ಗಾಡಿಯವರು, ಎಲ್ಲರೆದುರಿಗೆ ಗಟ್ಟಿಯಾಗಿ ಹೇಳಿದೆ:

"ಇದು ಅಕ್ಕಿಯಲ್ಲ ದೊಡ್ಡಪ್ಪ!"

ಅವರು ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು. ಬರಿದಲೆಯಲ್ಲಿ ಅವರು ಬೀದಿಯಲ್ಲಿ ನಡೆದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆ ಮೂರು ಮಾತಿಗಾಗಿ ನಾನು ಪಟ್ಟಷ್ಟು ನಾಚಿಕೆಯನ್ನು ಇನ್ನಾವುದಕ್ಕೂ ಪಟ್ಟಿಲ್ಲ. ಆದರೆ ಆವತ್ತು ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ, ಆಮೇಲೆ ಹೊತ್ತು ಮೀರಿತು ಎನ್ನಿಸಿತು, ಹಾಗೇ ವರ್ಷಗಳು ಕಳೆದವು.

ಇನ್ನೊಂದು ಚೀಟಿಗೆ ಇನ್ನೊಂದು ವರ್ಷ. ದೀಪಾವಳಿಗೆ ಮೂರು ತಿಂಗಳೂ ಇಲ್ಲ. ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಮುನಿಸ್ವಾಮಿ ಮೇಸ್ತ್ರಿ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು. ಆಗಲೇ ಹೇಳಿರಲಿಲ್ಲವೇ ಎಂದು ಅವರು ಅನ್ನಬಹುದಿತ್ತು, ಅನ್ನಲಿಲ್ಲ. "ಸುಣ್ಣಕ್ಕೆ ಪರ್ಮಿಟ್ ಬೇಡ್ವಲ್ಲ ಮೇಷ್ಟ್ರೇ" ಎಂದರು. "ತೊಲೆ ಒಂದು ಹೊಂದಿಸ್ಕೊಡಿ. ದೀಪಾವಳಿಗೆ ಅಮ್ಮಾವ್ರು ಒಳಗೆ ದೀಪ ಹಚ್ತಾರೆ." ಆದರೆ ಮಹಾಯುದ್ಧ ಕಾಡನ್ನೂ ತಿಂದು ಮುಗಿಸಿದ್ದ ಕಾಲ, ಒಳ್ಳೆಯ ಮರ ಎಲ್ಲಿಂದ ಬರಬೇಕು?

ಗಿರಿಜೆ ಮರುದಿನ ನನಗೆ ಹೇಳದೆ ಅಕ್ಕಿಪೇಟೆಗೆ ಹೋಗಿ ಬಂದಳು. ತೊಲೆ ಕೇಳಲು ಹೋದದ್ದಲ್ಲವಂತೆ. "ಮಾವ ಊಟ ಬಿಟ್ಟಿದಾರೆ ಅಂತ ಗೊತ್ತಾಯ್ತು, ಒಂದಿಷ್ಟು ಬಿಸಿ ರೊಟ್ಟಿ ತಗೊಂಡ್ಹೋದೆ. ಮನೆ ಏನಾಯ್ತು ಅಂದ್ರು, ಹೇಳ್ದೆ" ಎಂದಳು, ಅಷ್ಟೇ. ವಾರ ಕಳೆಯುವುದರೊಳಗೆ ಎರಡು ಎತ್ತಿನ ಗಾಡಿಗಳು ನಿವೇಶನದ ಮುಂದೆ ನಿಂತವು. ಗಾಡಿಗಳ ತುಂಬ ತೊಲೆ, ಜಂತೆ, ಹೊಗೆಗೆ ಕಪ್ಪಾದ ಹಳೆಯ ತೇಗ. ಹಿಂದೆ ನಡೆದುಕೊಂಡು ದೊಡ್ಡಪ್ಪ. ಮೂರು ತಲೆಯಿಂದ ಅಕ್ಕಿ ಹೊತ್ತಿದ್ದ ಉಗ್ರಾಣದ ಅಟ್ಟವನ್ನೇ ಅವರು ಬಿಚ್ಚಿಸಿ ತಂದಿದ್ದರು.

ಆಮೇಲಿನದು ನನ್ನ ಬಾಳಿನ ಅತ್ಯಂತ ಸಡಗರದ ದಿನಗಳು. ಮರದ ಕೆಳಗೆ ಕೂರುತ್ತಿದ್ದವರಲ್ಲಿ ಎಂಟು ಜನರನ್ನು ಮೇಸ್ತ್ರಿ ಕರೆತಂದರು. ಸುಣ್ಣ, ಮರಳು, ಇಟ್ಟಿಗೆಯ ಪುಡಿ ಸೇರಿ ಎತ್ತಿನ ಗಾಣದಲ್ಲಿ ಬೆಣ್ಣೆಯ ಹಾಗೆ ಗಾರೆಯಾಯಿತು. ಶ್ರೀರಾಂಪುರದ ಹೆಂಗಸರು ಎದುರುಬದುರಾಗಿ ಎರಡು ಸಾಲು ಕೂತು, ಪದ ಹೇಳಿಕೊಳ್ಳುತ್ತ, ಮರದ ಕೊಡತಿಗಳಿಂದ ದಿನಗಟ್ಟಲೆ ತಾರಸಿಯನ್ನು ಬಡಿದರು. ಗಾರೆ ಬಿಗಿಯಲೆಂದು ಅದರ ಮೇಲೆ ಚಿಮುಕಿಸುವ ಬೆಲ್ಲ ಮತ್ತು ಅಳಲೆಕಾಯಿಯ ನೀರನ್ನು ದೊಡ್ಡಪ್ಪ ತಾವೇ ಹದ ನೋಡಿ ಕಲೆಸಿ ಕೊಡುತ್ತಿದ್ದರು. ಬೆಲ್ಲದ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳುವಂತಿರಲಿಲ್ಲ. ನನ್ನೊಡನೆ ಎಂದಿನಂತೆ ಮಾತಾಡಿದರು. ಸಿಮೆಂಟಿನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ದೀಪಾವಳಿಗೆ ಮೂರು ದಿನ ಇದೆ ಎನ್ನುವಾಗ ಕಚೇರಿಯವರು ಬಂದು, ತಲೆಯೆತ್ತಿ ನೋಡಿ, ಚಾವಣಿ ಆಗಿದೆ ಎಂದು ಬರೆದುಕೊಂಡು ಹೋದರು. ಮೊದಲ ವರ್ಷವೆಲ್ಲ ತೊಲೆಗಳ ಸಂದಿಯಿಂದ ಆಗೊಂದು ಈಗೊಂದು ಅಕ್ಕಿಕಾಳು ನಮ್ಮ ತಲೆಯ ಮೇಲೆ ಉದುರುತ್ತಿತ್ತು. ಗಿರಿಜೆ ಅದನ್ನು ಅಕ್ಷತೆ ಎನ್ನುತ್ತಿದ್ದಳು.

ಕಲ್ಲಾದ ಮೂಟೆಗಳನ್ನು ಒಡೆದು ಕಾಂಪೌಂಡಿನ ಪಾಯಕ್ಕೆ ತುಂಬಿದೆವು. ಒಂದನ್ನು ಮಾತ್ರ ಗಿರಿಜೆ ಮೆಟ್ಟಿಲಿಗೆ ಹಾಕಿಸಿದಳು. "ಅದನ್ನ ಕಣ್ಮುಂದೆ ಯಾಕಮ್ಮ ಇಡ್ತೀಯ?" ಎಂದು ದೊಡ್ಡಪ್ಪ ಕೇಳಿದರು. "ಮನೆಗೆ ಅಂತ ಬಂದಿದ್ದು ಮಾವ, ಒಂದಾದ್ರೂ ಮನೇಲಿರ್ಲಿ" ಎಂದಳು. ಅಂದಿನಿಂದ ಪ್ರತಿ ಸೋಮವಾರ ನಮ್ಮಲ್ಲಿಗೆ ಊಟಕ್ಕೆ ಬರುವ ದೊಡ್ಡಪ್ಪ ಆ ಮೆಟ್ಟಿಲನ್ನು ಮೆಟ್ಟಲೇ ಇಲ್ಲ. ಪಂಚೆ ಎತ್ತಿ ಹಿಡಿದು, ಬೆತ್ತ ಊರಿ, ಅದನ್ನು ದಾಟಿ ಎರಡನೆಯದಕ್ಕೆ ಕಾಲಿಡುತ್ತಿದ್ದರು. ರಂಗೋಲಿ ತುಳಿಯಬಾರದೆಂದು ಹಾಗೆ ಮಾಡುತ್ತಾರೆಂದು ಬೇರೆಯವರು ತಿಳಿಯುತ್ತಿದ್ದರು. ನನಗೆ ಗೊತ್ತಿತ್ತು.

ಈಗ ನಮ್ಮ ದಕ್ಷಿಣದ ಹೊಲಗಳಲ್ಲೆಲ್ಲ ಹೊಸ ಬಡಾವಣೆ ಏಳುತ್ತಿದೆ. ಸಿಮೆಂಟಿಗೆ ಇನ್ನೂ ಪರದಾಟ ಇದ್ದೇ ಇದೆ. ಗಾರೆಯ ಗಾಣಗಳು ಮಾತ್ರ ನಿಂತುಹೋದವು. ನಾವು ಇಲ್ಲದ್ದಕ್ಕೆ ಸಾಲಿನಲ್ಲಿ ನಿಂತು ಇದ್ದದ್ದನ್ನು ಮರೆಯುವ ಜನ ಎಂದು ನನಗೆ ಎಷ್ಟೋ ಸಲ ಅನ್ನಿಸುತ್ತದೆ, ಅದರಲ್ಲಿ ಮೊದಲಿಗ ನಾನೇ ಎಂದೂ ಅನ್ನಿಸುತ್ತದೆ.

ಹೋದ ತಿಂಗಳು ಒಂದು ಸೋಮವಾರ ದೊಡ್ಡಪ್ಪ ಬಂದರು. ಎಪ್ಪತ್ತೈದು ದಾಟಿದೆ, ಮಂಡಿ ಕೇಳುವುದಿಲ್ಲ. ಎಂದಿನಂತೆ ಪಂಚೆ ಎತ್ತಿದರು, ಕಾಲು ಅಷ್ಟೆತ್ತರಕ್ಕೆ ಏಳಲಿಲ್ಲ. ಇನ್ನೊಮ್ಮೆ ಎತ್ತಿದರು, ಆಗಲಿಲ್ಲ. ನಾನು ಓಡಿ ಹೋಗಿ ಕೈ ಕೊಟ್ಟೆ. ಅವರು ನನ್ನ ಕೈ ಹಿಡಿದು, ಮೆಲ್ಲಗೆ ಬರಿಗಾಲನ್ನು ಆ ಮೂಟೆಯ ಮೇಲೆ ಇಟ್ಟರು. ಆಮೇಲೆ ಇನ್ನೊಂದು ಕಾಲನ್ನೂ. ಅಲ್ಲೇ ನಿಂತು, ಪಾದ ಆಡಿಸಿ ನೋಡಿದರು.

"ಗಟ್ಟಿಯಾಗಿದೆ ಕಣೋ" ಎಂದರು. "ಇಟ್ಟಷ್ಟೂ ಒಳ್ಳೇದು ಅಂತ ನಾನು ಹೇಳ್ಲಿಲ್ವೇನೋ?"

"ಹೇಳಿದ್ರಿ ದೊಡ್ಡಪ್ಪ" ಎಂದೆ. "ಆವತ್ತು ನಾನು ಹಾಗನ್ನಬಾರದಾಗಿತ್ತು."

"ಹೌದು, ಅನ್ನಬಾರದಾಗಿತ್ತು" ಎಂದು ಅವರು ನನ್ನ ಕೈಯನ್ನು ಒಮ್ಮೆ ಅದುಮಿ, ಒಳಗೆ ನಡೆದರು. ಅಂಗಾಲಿಗೆ ಮೆತ್ತಿದ ರಂಗೋಲಿ ಅಡುಗೆಮನೆಯವರೆಗೂ ಬೆಳ್ಳಗೆ ಹೆಜ್ಜೆ ಮೂಡಿಸಿತು.

ಈಗ ಸೋಮವಾರಗಳಲ್ಲಿ ಆ ಮೆಟ್ಟಿಲಿನ ರಂಗೋಲಿಯ ನಟ್ಟನಡುವೆ ಎರಡು ಪಾದದಷ್ಟು ಅಳಿಸಿರುತ್ತದೆ. ಯಾರ ಕಾಲೂ ತುಳಿಯದ ಬಾಗಿಲು ಬೇಕೆಂದಿದ್ದ ಗಿರಿಜೆ ಅದನ್ನು ಮಾತ್ರ ಗೊಣಗುವುದಿಲ್ಲ, ಸಂಜೆಯವರೆಗೂ ತಿದ್ದುವುದೂ ಇಲ್ಲ.